ಪರಧರ್ಮ ಸಹನೆ ಮತ್ತು ಸಮೂಹಧರ್ಮ: ಮಳಖೇಡದಿಂದ ಮರತೂರಿಗೆ

ಚಿಂಚೋಳಿಯ ಐನಾಪುರದಿಂದ ಸೇಡಂ, ಚಿತ್ತಾಪುರ, ಶಹಾಬಾದ್‌ಗಳವರೆಗಿನ ಪ್ರದೇಶವನ್ನು ರಾಜಕೀಯ ಚಿಂತನೆಯ ಸಂದರ್ಭದಲ್ಲಿ ಸ್ಮರಿಸುವವರು ವಿರಳ. ಆದರೆ ತೊಗರಿಗೂ ಸುಣ್ಣದ ಕಲ್ಲಿಗೂ ಹೆಸರಾದ ಈ ನೆಲವು ಶ್ರದ್ಧೆ ಹಾಗೂ ಸ್ವಯಮಾಡಳಿತಗಳನ್ನು ಕುರಿತು ಯೋಚಿಸಿದ ಎರಡು ಗ್ರಂಥಗಳೊಡನೆ ನಂಟು ಹೊಂದಿದೆ. ಒಂದು, ಕಾಗಿಣಾ ದಂಡೆಯ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ (814–878) ಆಸ್ಥಾನದ ‘ಕವಿರಾಜಮಾರ್ಗ’. ಇನ್ನೊಂದು, ಮರತೂರಿನವನೆಂದು ಗುರುತಿಸಲಾಗುವ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’.

ಪರಧರ್ಮವನ್ನೂ ಪರವಿಚಾರವನ್ನೂ ಸೈರಿಸಬಲ್ಲ ಶಕ್ತಿಯೇ ನಿಜವಾದ ಚಿನ್ನವೆಂಬುದು ಕವಿರಾಜಮಾರ್ಗಕಾರನ ನಿಲುವು. ಕಸ–ಕಸವರಗಳ ಚಮತ್ಕಾರವನ್ನು ಮೆಚ್ಚುವ ಭರದಲ್ಲಿ, ಇಲ್ಲಿ ಸಹನೆಯು ವ್ಯಕ್ತಿಗುಣವಾಗಿಯೇ ಉಳಿಯಿತೆಂಬುದು ಮರೆಯಾಗುತ್ತದೆ. ಅದು ತಪ್ಪಿದಾಗ ಹೊಣೆ ಯಾರದು? ಕಾವ್ಯಶಾಸ್ತ್ರವನ್ನು ಈ ಪ್ರಶ್ನೆ ಕೇಳುವುದೂ ಸಲ್ಲದು.

ದಾಯವಿಭಾಗದ ನಿರೂಪಣೆಯಿಂದ ನ್ಯಾಯಾಲಯಗಳಲ್ಲಿ ಪ್ರಸಿದ್ಧವಾದ ಮಿತಾಕ್ಷರೆಯಲ್ಲಿ ‘ಸಂವಿದ್‌ವ್ಯತಿಕ್ರಮ’ವೆಂಬ ಪ್ರಕರಣವಿದೆ, ಒಪ್ಪಂದವನ್ನು ಮೀರುವುದು ಅದರ ವಿಷಯ. ಗೋಮಾಳ, ನೀರು, ದೇಗುಲಗಳ ರಕ್ಷಣೆಗಾಗಿ ಜನರು ತಾವೇ ಮಾಡಿಕೊಂಡ ಕಟ್ಟಳೆಯು ಶ್ರೌತಸ್ಮಾರ್ತ ವಿಧಿಗಳಿಗೆ ಅಡ್ಡಿಯಾಗದಿದ್ದರೆ ಧರ್ಮವೆಂದೇ ಮನ್ನಣೆ ಪಡೆಯುತ್ತದೆ. ಸಮೂಹದ ಹಣವನ್ನು ಕದ್ದವನಿಗೆ ಸರ್ವಸ್ವಹರಣ ಮತ್ತು ಗಡೀಪಾರು. ಸಮೂಹದ ಕೆಲಸಕ್ಕೆ ಹೋದವನು ಅಲ್ಲಿ ದೊರೆತುದನ್ನು ತಾನಾಗಿ ಒಪ್ಪಿಸದಿದ್ದರೆ ಹನ್ನೊಂದು ಪಟ್ಟು ತೆರಬೇಕು. ಶ್ರೇಣಿಗಳಿಗೆ ಮಾತ್ರವಲ್ಲ, ಪಾಷಂಡಿಗಳಿಗೂ ಇದೇ ವಿಧಿ. ಅವರವರ ಭೇದವನ್ನು ಅರಸನು ಕಾಪಾಡಬೇಕು. ಪಾಷಂಡಿಗಳೆಂದರೆ ವೇದದ ಪ್ರಾಮಾಣ್ಯವನ್ನೇ ಒಪ್ಪದ ಬೌದ್ಧಾದಿಗಳೆಂದು ವಿಜ್ಞಾನೇಶ್ವರನು ಅಳುಕಿಲ್ಲದೆ ವಿವರಿಸುತ್ತಾನೆ.

ಇಷ್ಟರಿಂದಲೇ ಇದನ್ನು ಪ್ರಜಾಪ್ರಭುತ್ವದ ಮೂಲವೆನ್ನುವುದು ಉತ್ಸಾಹದ ಮಾತಾದೀತು. ಕಾರ್ಯಚಿಂತಕರು ಶ್ರೌತಸ್ಮಾರ್ತ ಧರ್ಮಗಳನ್ನು ಬಲ್ಲವರಾಗಿರಬೇಕೆಂಬ ನಿಯಮವೇ ಬಹುಜನರನ್ನು ಹೊರಗಿಡುತ್ತದೆ. ಸಮೂಹಹಿತವನ್ನಾಡುವವರಿಗೆ ಎದುರಾದವನಿಗೆ ದಂಡವಿದೆ. ಪಾಷಂಡಿಗಳ ಸಂಘಕ್ಕೆ ರಕ್ಷಣೆ ದೊರೆಯಿತು. ಆ ಸಂಘದೊಳಗೆ ಬೇರೆಯಾಗಿ ಯೋಚಿಸುವವನಿಗೆ ದೊರೆಯಲಿಲ್ಲ.

ಈ ತೊಡಕು ಹಳೆಯ ಹೊತ್ತಗೆಗಳದಷ್ಟೇ ಅಲ್ಲ. ಸಂವಿಧಾನದ 25ನೆಯ ವಿಧಿ ವ್ಯಕ್ತಿಯ ಅಂತಃಸಾಕ್ಷಿಗೂ 26ನೆಯ ವಿಧಿ ಧಾರ್ಮಿಕ ಪಂಗಡಕ್ಕೂ ಸ್ವಾತಂತ್ರ್ಯ ನೀಡಿವೆ. ಬಹಿಷ್ಕಾರವನ್ನು ನಿಷೇಧಿಸಿದ 1949ರ ಮುಂಬಯಿ ಕಾಯಿದೆಯನ್ನು ಸರ್ವೋಚ್ಚ ನ್ಯಾಯಾಲಯವು 1962ರಲ್ಲಿ, ದಾವೂದಿ ಬೋಹ್ರಾ ಪ್ರಕರಣದಲ್ಲಿ, ಪಂಗಡದ ಹಕ್ಕನ್ನು ಎತ್ತಿಹಿಡಿದು ರದ್ದುಪಡಿಸಿತು. ಆ ತೀರ್ಪಿನ ಮರುಪರಿಶೀಲನೆಯ ಪ್ರಶ್ನೆಯನ್ನು 2023ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು.