ಹಳೆಯ ಫೋನಿನಲ್ಲಿ ಕನ್ನಡ

ಮೈಸೂರಿನ ಯಾದವಗಿರಿಯ ಆಕಾಶವಾಣಿ 100.6ರಲ್ಲಿ ಬಿತ್ತರಿಸುವ ಸುದ್ದಿಯನ್ನು ನಿನ್ನೆ ಕೊಂಡ ಎಫ್‌ಎಂ ರೇಡಿಯೊವೂ ಹಿಡಿಯುತ್ತದೆ, ಇಪ್ಪತ್ತು ವರ್ಷ ಹಳೆಯದೂ ಹಿಡಿಯುತ್ತದೆ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಆರಂಭಿಸಿದ ಊರಿದು. ಸ್ಟುಡಿಯೊದ ಒಳಗೆ ಏನೇ ಬದಲಾಗಲಿ, ಕೇಳುಗರ ಕೈಲಿರುವ ಪೆಟ್ಟಿಗೆ ಕೆಲಸಕ್ಕೆ ಬಾರದಂತಾಗಬಾರದು ಎಂಬುದು ಪ್ರಸಾರ ಎಂಜಿನಿಯರುಗಳ ಶಿಸ್ತು. ಇದೇ ಬಡಾವಣೆಯ ಎಷ್ಟೋ ಹಿರಿಯರು ಬಳಸುವುದು ಮಕ್ಕಳು ಹೊಸದು ಕೊಂಡ ಮೇಲೆ ಮನೆಯಲ್ಲುಳಿದ ಫೋನು. ಅದರ ವಿಷಯದಲ್ಲಿ ಆ್ಯಪ್ ತಯಾರಕರಿಗೆ ಅಂಥ ಶಿಸ್ತು ಇಲ್ಲ. ಇರಬೇಕಿತ್ತು ಎಂಬುದೇ ನನ್ನ ವಾದ.

ಆಂಡ್ರಾಯ್ಡ್ ಆ್ಯಪ್ ಕಟ್ಟುವಾಗ ಡೆವಲಪರ್ ಒಂದು ಅಂಕಿ ಬರೆಯಬೇಕು: ಯಾವ ಆವೃತ್ತಿಗಿಂತ ಹಳೆಯ ಫೋನಿಗೆ ಇದು ಸಿಗಬಾರದು ಎಂದು. ಒಂದೇ ಸಾಲು. ಮೀಟಿಂಗಿನಲ್ಲಿ ಅದರ ಬಗ್ಗೆ ಎರಡು ನಿಮಿಷದ ಚರ್ಚೆಯೂ ನಡೆಯುವುದಿಲ್ಲ. ಜಗತ್ತಿನ ಸರಾಸರಿ ನೋಡಿ, ಶೇಕಡಾವಾರು ಲೆಕ್ಕ ಹಾಕಿ, ಉಳಿದವರನ್ನು ಬಿಟ್ಟುಬಿಡುತ್ತಾರೆ. ಆದರೆ ಕನ್ನಡದ ಆ್ಯಪ್‌ಗೆ ಜಗತ್ತಿನ ಸರಾಸರಿಯಿಂದ ಏನು ಪ್ರಯೋಜನ? ಆ ಅಂಕಿ ಆರಿಸುವವರು ತಮ್ಮ ಓದುಗ ಯಾರು, ಯಾರು ಅಲ್ಲ ಎಂಬುದನ್ನೇ ಆರಿಸುತ್ತಿರುತ್ತಾರೆ.

ಕನ್ನಡದ ಮಟ್ಟಿಗೆ ಈ ಆವೃತ್ತಿಗಳಿಗೆ ಒಂದು ಚರಿತ್ರೆಯೇ ಇದೆ. ಆಂಡ್ರಾಯ್ಡ್ ನಮ್ಮ ಲಿಪಿಗೆ ಬೆಂಬಲ ಕೊಟ್ಟದ್ದು 2012ರ 4.1ರಲ್ಲಿ. ಅದಕ್ಕೂ ಮೊದಲಿನ ಬಹಳಷ್ಟು ಫೋನ್‌ಗಳಲ್ಲಿ ಕನ್ನಡ ಬರೀ ಖಾಲಿ ಚೌಕಗಳ ಸಾಲು. ಫೋನಿನ ಮೆನುಗಳೇ ಕನ್ನಡದಲ್ಲಿ ಬಂದದ್ದು 2014ರ 5.0ರಲ್ಲಿ. ಡೆವಲಪರ್‌ಗಳೆಲ್ಲ ನೆಚ್ಚಿಕೊಂಡಿರುವ ಗೂಗಲ್‌ನ ಆಂಡ್ರಾಯ್ಡ್‌ಎಕ್ಸ್ ಲೈಬ್ರರಿಗಳಲ್ಲಿ ಅನೇಕವು 2025ರ ಜೂನ್‌ನಿಂದ 6.0ಕ್ಕಿಂತ ಹಳೆಯದನ್ನು ಕೈಬಿಟ್ಟವು. ಅಂದರೆ ಕನ್ನಡದಲ್ಲಿ ಮೊದಲು ಮಾತಾಡಿದ ಆಂಡ್ರಾಯ್ಡೇ ಈಗ ಗೆರೆಯ ಆಚೆಗಿದೆ. ಇದನ್ನು ಅನ್ಯಾಯ ಎನ್ನಲಾರೆ, ಹನ್ನೊಂದು ವರ್ಷ ಸಣ್ಣ ಅವಧಿಯಲ್ಲ. ಆದರೆ ಐಫೋನಿನಲ್ಲಿ ಆ್ಯಪಲ್‌ನದೇ ಕನ್ನಡ ಕೀಲಿಮಣೆ ಬಂದದ್ದು 2017ರ ಐಓಎಸ್ 11ರಲ್ಲಿ ಎಂಬುದನ್ನು ನೆನೆದರೆ, ನಮ್ಮ ಭಾಷೆ ತಡವಾಗಿ ಒಳಗೆ ಬಂದು ಬೇಗ ಹೊರಬೀಳುತ್ತಿದೆ ಅನ್ನಿಸದೆ ಇರದು.

ಟೆಸ್ಟಿಂಗ್‌ನ ನಿಜವಾದ ಸೋಲು, ಗೆರೆಯ ಈಚೆ ಉಳಿದ ಆವೃತ್ತಿಗಳಲ್ಲೂ ಆಗುವಂಥದ್ದು, ಇನ್ನೂ ಸೂಕ್ಷ್ಮವಾದದ್ದು. ಆ್ಯಪ್ ತೆರೆದುಕೊಂಡರೆ, ಲಾಗಿನ್ ಆದರೆ, ಆ ಆವೃತ್ತಿಯ ಮುಂದೆ ಹಸಿರು ಗುರುತು ಬೀಳುತ್ತದೆ. ಪರದೆಯ ಮೇಲಿನ ಕನ್ನಡವನ್ನು ಯಾರೂ ಓದುವುದಿಲ್ಲ. ‘ರ‍್ಯಾಂಕ್’ ಎಂಬ ಒಂದು ಪದ ಸಾಕು. ‘ಕಾರ್ಯ’ದಲ್ಲಿ ಅರ್ಕಾವತ್ತು ಬರಬೇಕು, ‘ರ‍್ಯಾಂಕ್’ನಲ್ಲಿ ರಕಾರ ಮುಂದೆ ನಿಂತು ಯ ಒತ್ತಾಗಬೇಕು. ಈ ವ್ಯತ್ಯಾಸ ತೋರಿಸಲು ಯೂನಿಕೋಡ್‌ನಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತವಿದೆ. ಅದನ್ನರಿಯದ ವ್ಯವಸ್ಥೆಯಲ್ಲಿ ಪದ ತಪ್ಪಾಗಿ ಮೂಡುತ್ತದೆ, ಇಲ್ಲವೇ ಒಡೆದುಹೋಗುತ್ತದೆ. ಆ್ಯಪ್ ಜೊತೆ ಫಾಂಟ್ ಸೇರಿಸಿಬಿಟ್ಟರೆ ಮುಗಿಯಿತು ಅನ್ನುವವರಿದ್ದಾರೆ. ಮುಗಿಯುವುದಿಲ್ಲ. ಸಾಮಾನ್ಯ ಆ್ಯಪ್‌ನಲ್ಲಿ ಅಕ್ಷರ ಜೋಡಿಸುವ ಯಂತ್ರ ಆಂಡ್ರಾಯ್ಡ್‌ನದೇ, ಅದರ ವಯಸ್ಸು ಫೋನಿನ ವಯಸ್ಸೇ. ಫ್ಲಟರ್‌ನಂಥ ಆ್ಯಪ್ ಕಟ್ಟುವ ಚೌಕಟ್ಟು ತನ್ನ ಜೋಡಣೆಯ ಯಂತ್ರವನ್ನು ತಾನೇ ಹೊತ್ತು ತರುತ್ತದೆ. ಕನ್ನಡದ ದೃಷ್ಟಿಯಿಂದ ಇದು ದೊಡ್ಡ ಗುಣ, ಅದನ್ನು ಹೊಗಳುವವರು ಈ ಕಾರಣಕ್ಕೆ ಹೊಗಳಿದ್ದನ್ನು ನಾನು ಕೇಳಿಲ್ಲ.

ಕಂಪ್ಯೂಟರಿನಲ್ಲೇ ಫೋನನ್ನು ಅನುಕರಿಸುವ ಎಮ್ಯುಲೇಟರ್ ಇದನ್ನು ಪೂರ್ತಿಯಾಗಿ ಹಿಡಿಯುವುದಿಲ್ಲ. ಅದರಲ್ಲಿರುವುದು ಗೂಗಲ್‌ನ ಶುದ್ಧ ಆಂಡ್ರಾಯ್ಡ್. ಜನರ ಜೇಬಿನಲ್ಲಿರುವುದು ಶವೋಮಿ, ವಿವೊ, ಸ್ಯಾಮ್‌ಸಂಗ್ ತಿದ್ದಿದ ಆಂಡ್ರಾಯ್ಡ್, ಅವರದೇ ಫಾಂಟು, ಅವರದೇ ಬ್ಯಾಟರಿ ಉಳಿತಾಯ.

ಹೊಸ ಆವೃತ್ತಿಯೂ ಕೆಲಸ ಕೆಡಿಸಬಲ್ಲದು ಎಂಬುದನ್ನು ಮರೆಯುತ್ತೇವೆ. 2020ರ ಮುಂಗಾರಿನಲ್ಲಿ ಕರ್ನಾಟಕ ಸರ್ಕಾರ ಬೆಳೆ ಸಮೀಕ್ಷೆಯ ಆ್ಯಪ್ ಅನ್ನು ರೈತರ ಕೈಗೇ ಕೊಟ್ಟಿತು. ಹೊಲದಲ್ಲಿ ನಿಂತು ಬೆಳೆಯ ಫೋಟೊ ತೆಗೆದು ರೈತನೇ ದಾಖಲಿಸುವ ಆ ಯೋಚನೆ ನನಗೆ ತುಂಬ ಇಷ್ಟವಾದದ್ದು. ಮರುವರ್ಷ ಬಂದ ಆಂಡ್ರಾಯ್ಡ್ 12ರಲ್ಲಿ ಬಳಕೆದಾರ ನಿಖರ ಸ್ಥಳದ ಬದಲು ಅಂದಾಜು ಸ್ಥಳವನ್ನಷ್ಟೇ ಕೊಡಬಹುದು, ಅಂದಾಜು ಎಂದರೆ ಸುಮಾರು 3 ಚದರ ಕಿಲೋಮೀಟರ್. ಅಷ್ಟರಲ್ಲಿ ಊರಿಗೆ ಊರೇ ಅಡಗುತ್ತದೆ, ಸರ್ವೆ ನಂಬರ್ ಎಲ್ಲಿ ಸಿಗಬೇಕು? ಬಳಕೆದಾರನ ಖಾಸಗಿತನ ಕಾಯಲು ಬಂದ ಒಳ್ಳೆಯ ಬದಲಾವಣೆಯಿದು. ಆದರೆ ಇಂಥ ಯಾವುದೇ ಆ್ಯಪ್ ಪರೀಕ್ಷಿಸುವವರು ‘ಅಂದಾಜು’ ಒತ್ತಿದ ರೈತನಿಗೆ ಪರದೆ ಏನು ಹೇಳುತ್ತದೆ ಎಂದು ನೋಡಿರಲೇಬೇಕು, ಅದೂ ಬಿಸಿಲಲ್ಲಿ, ಸಿಗ್ನಲ್ ಇಲ್ಲದ ಕಡೆ.

ಹಳೆಯ ಆವೃತ್ತಿಗಳನ್ನು ಬಿಡಲು ಭದ್ರತೆಯ ಕಾರಣ ಕೊಡುತ್ತಾರೆ. ಬ್ಯಾಂಕಿನ ಆ್ಯಪ್‌ಗೆ ಅದು ಸರಿ. ಉಳಿದೆಡೆ ಬಹುಪಾಲು ಅನುಕೂಲದ ಮಾತು. ಮನಸ್ಸಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯನ್ನು ನೋಡಿ. ವೆಬ್‌ಸೈಟುಗಳಿಗೆ ಉಚಿತ ಭದ್ರತಾ ಪ್ರಮಾಣಪತ್ರ ಕೊಡುವ ಈ ಸಂಸ್ಥೆ, 7.1.1ಕ್ಕಿಂತ ಹಳೆಯ ಆಂಡ್ರಾಯ್ಡ್‌ಗಳಲ್ಲಿ 2021ರಿಂದ ತನ್ನ ಪ್ರಮಾಣಪತ್ರ ನಡೆಯುವುದಿಲ್ಲ ಎಂದು 2020ರ ನವೆಂಬರ್‌ನಲ್ಲಿ ಎಚ್ಚರಿಸಿತು. ಆಗ ಅಂಥ ಫೋನ್‌ಗಳು ಆಂಡ್ರಾಯ್ಡ್‌ಗಳಲ್ಲಿ ಮೂರನೇ ಒಂದು ಪಾಲು. ತಿಂಗಳೆರಡು ಕಳೆಯುವುದರೊಳಗೆ ಅದೇ ಸಂಸ್ಥೆ ದಾರಿ ಕಂಡುಕೊಂಡಿತು: ಮೂಲ ಪ್ರಮಾಣಪತ್ರದ ಅವಧಿ ಮುಗಿದಿದೆಯೇ ಎಂದು ಆಂಡ್ರಾಯ್ಡ್ ನೋಡುವುದಿಲ್ಲ, ಆ ಗುಣವನ್ನೇ ಹಿಡಿದು ಆ ಫೋನ್‌ಗಳನ್ನು 2024ರವರೆಗೆ ನಡೆಸಿತು. ಎಂಜಿನಿಯರಿಂಗ್ ಎಂದು ನಾನು ಗೌರವಿಸುವುದು ಇದನ್ನು.

ಮೈಸೂರಿನ ಆ್ಯಪ್ ತಂಡಗಳು ಬಿಡುಗಡೆಗೆ ಮುನ್ನ ಊರಿನ ರಿಪೇರಿ ಅಂಗಡಿಗಳಲ್ಲಿ ಸಿಗುವ ಹಳೆಯ ಫೋನ್‌ಗಳನ್ನು ಕೊಂಡು ಮೇಜಿನ ಮೇಲಿಡಲಿ, ಕನ್ನಡ ಓದಬಲ್ಲ ಒಬ್ಬರು ಪ್ರತಿ ಪರದೆಯನ್ನೂ ಓದಲಿ. ಒಂದು ಆವೃತ್ತಿಯನ್ನು ಬಿಡಲೇಬೇಕಾದರೆ ಆರು ತಿಂಗಳು ಮೊದಲೇ ಆ್ಯಪ್ ಒಳಗೆ ಕನ್ನಡದಲ್ಲಿ ತಿಳಿಸಲಿ, ಬಳಕೆದಾರರು ತಮ್ಮ ದಾಖಲೆಗಳನ್ನು ಇಳಿಸಿಕೊಳ್ಳುವ ದಾರಿ ಕೊಡಲಿ, ಅಲ್ಲಿಯವರೆಗೆ ಹಳೆಯ ಆ್ಯಪ್‌ಗೆ ಉತ್ತರ ಕೊಡುವ ಸರ್ವರ್ ನಿಲ್ಲದಿರಲಿ.