ಬೇಟೆಯ ವೃತ್ತಾಂತವೊ, ಕಥೆಯೊ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳ ಬಂಡೆಗುಡ್ಡಗಳೂ ಕುರುಚಲು ಕಾಡುಗಳೂ ಚಿರತೆಗೆ ಬಹುಕಾಲದ ನೆಲೆ. ಬೆಂಗಳೂರಿನ ಬೇಟೆಗಾರರಾದ ಕೆನ್ನೆತ್ ಆಂಡರ್ಸನ್ನರು (1910–1974) ಈ ಸೀಮೆಯಲ್ಲಿ ಸುತ್ತಾಡಿ ಕಂಡುದನ್ನು ಇಂಗ್ಲಿಷಿನಲ್ಲಿ ಬರೆದರು. ಅರ್ಕಾವತಿಯು ಕಾವೇರಿಯನ್ನು ಕೂಡುವ ಕನಕಪುರದ ಸಂಗಮದ ಚಿರತೆಯ ವೃತ್ತಾಂತವು ಅವರ 1957ರ ಸಂಪುಟದಲ್ಲಿದೆ. ಆಂಡರ್ಸನ್ನರ ಬರಹಗಳನ್ನು ಪೂರ್ಣಚಂದ್ರ ತೇಜಸ್ವಿಯವರು (1938–2007) ‘ಕಾಡಿನ ಕಥೆಗಳು’ ಎಂಬ ಮಾಲೆಯಾಗಿ ಕನ್ನಡಕ್ಕೆ ತಂದರು. ಅದರ ನಾಲ್ಕನೆಯ ಭಾಗವಾದ ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ಯು ಸಾಹಿತ್ಯಾಧ್ಯಾಪಕರ ವಿಶೇಷ ಅವಧಾನಕ್ಕೆ ಅರ್ಹವಾದ ಗ್ರಂಥ.

ಮಾಲೆಯ ಹೆಸರು ‘ಕಥೆ’ ಎನ್ನುತ್ತದೆ. ಮೂಲಲೇಖಕರೋ ಎಲ್ಲವನ್ನೂ ನಡೆದುದೆಂದೇ ನಿರೂಪಿಸಿದವರು. ಶೀರ್ಷಿಕೆಯಲ್ಲಿ ಮನುಷ್ಯನು ಮೊದಲು, ಮೃಗವು ಅನಂತರ. ಹೀಗಿರಲಾಗಿ ಇದು ಬೇಟೆಯ ವರದಿಯೊ, ವ್ಯಕ್ತಿಚಿತ್ರವೊ, ಸಣ್ಣಕಥೆಯೊ ಎಂಬ ಶಂಕೆ ಸಹಜವಾದುದು. ಒಂದೇ ಉತ್ತರವನ್ನು ಹುಡುಕುವುದು ಮಾತ್ರ ನಿಷ್ಫಲ. ಇಂಥ ಸಂಕರವು ಕನ್ನಡಕ್ಕೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿಯೇ ಪಂಪನು ಚಂಪುವಿನಲ್ಲಿ ಗದ್ಯಪದ್ಯಗಳನ್ನು ಕೂಡಿಸಿದುದಲ್ಲದೆ, ಅರ್ಜುನನಲ್ಲಿ ಅರಿಕೇಸರಿಯನ್ನು ಕಂಡು ಪುರಾಣವನ್ನೂ ಇತಿಹಾಸವನ್ನೂ ಬೆಸೆದನು. ಆ ಕೃತಿಯನ್ನು ಯಾವುದಾದರೂ ಒಂದು ಹೆಸರಿಗೆ ಕಟ್ಟಿಹಾಕಿದರೆ ನಷ್ಟವು ಓದುಗನಿಗೇ.

ಪ್ರಕೃತ ಗ್ರಂಥದ ಮುಖ್ಯ ಗುಣವು ಭಾಷೆಯಲ್ಲಿದೆ. ಇಂಗ್ಲಿಷ್ ಮೂಲವು ಒಂದರ್ಥದಲ್ಲಿ ತಾನೇ ಅನುವಾದ. ಮಾಗಡಿ ಸೀಮೆಯ ಹಳ್ಳಿಗರ ಕನ್ನಡದ ಮಾತು ಅಲ್ಲಿ ಪರಭಾಷೆಯ ವೇಷವನ್ನು ತೊಟ್ಟಿತ್ತು. ತೇಜಸ್ವಿಯವರಲ್ಲಿ ಅದು ತವರಿಗೆ ಮರಳಿದೆ. ಅನುವಾದವೇ ಇಲ್ಲಿ ಮೂಲಕ್ಕೆ ಹತ್ತಿರವಾಗುವ ವೈಚಿತ್ರ್ಯವುಂಟು.

ಆಕ್ಷೇಪಕ್ಕೂ ಎಡೆಯುಂಟು. ಇದು ಭಾವಾನುವಾದ, ‘ನಾನು’ ಎಂಬ ಒಂದು ಪದದ ಹಿಂದೆ ಇಬ್ಬರು ನಿಂತಿದ್ದಾರೆ. ಆಂಡರ್ಸನ್ನರು ಎಲ್ಲಿ ನಿಂತರು, ತೇಜಸ್ವಿಯವರು ಎಲ್ಲಿ ತೊಡಗಿದರು ಎಂಬುದು ಕನ್ನಡವೊಂದನ್ನೇ ಬಲ್ಲ ವಾಚಕನಿಗೆ ತಿಳಿಯದು. ಕಥೆಯಾದರೆ ಈ ಸ್ವಾತಂತ್ರ್ಯವು ಕ್ಷಮ್ಯ. ಕಾಡಂಚಿನ ಜನರ ಸಾವುನೋವುಗಳಿಗೆ ಸಾಕ್ಷ್ಯವೆಂದು ಹಿಡಿದರೆ ಅಷ್ಟು ಸುಲಭವಾಗಿ ಕ್ಷಮ್ಯವಲ್ಲ. ಆದಕಾರಣ ಒಂದೆರಡು ಪ್ರಕರಣಗಳನ್ನಾದರೂ ಇಂಗ್ಲಿಷಿನೊಡನೆ ಹೋಲಿಸಿ ಬೋಧಿಸುವುದು ಯುಕ್ತ.

ವಿಜ್ಞಾನಕುತೂಹಲವನ್ನು ಕಾದಂಬರಿಯೊಡನೆ ಬೆರೆಸಿದ ‘ಕರ್ವಾಲೊ’ (1980) ಪಠ್ಯವಾಗಿ ಮನ್ನಣೆ ಪಡೆದಿರುವಾಗ, ಈ ಗ್ರಂಥವನ್ನು ಮಕ್ಕಳ ಸಾಹಸಕಥೆಯೆಂದು ಬದಿಗಿಡುವುದು ಸಲ್ಲದು. ಪ್ರಕಾರವನ್ನು ಮೊದಲು ನಿರ್ಣಯಿಸಿ ಬಳಿಕ ಓದುವುದಕ್ಕಿಂತ, ಇಲ್ಲಿ ಯಾವ ಮಾತು ಕಂಡದ್ದು, ಯಾವುದು ಕಟ್ಟಿದ್ದು ಎಂದು ವಿಚಾರಿಸುತ್ತ ಓದುವುದೇ ಲೇಸು.