ರಾಜಾನುಜ್ಞೆಯೂ ಚಿಕಿತ್ಸಾಫಲವೂ: ಒಂದು ವಿಮರ್ಶೆ

ಆಸ್ಪತ್ರೆಗಳ 'ಉತ್ಪಾದಕತೆ' ಎಂಬ ಮಾತು ಈಚೆಗೆ ಬಳಕೆಗೆ ಬಂದಿದೆ. ಗಿರಣಿಯಲ್ಲಿ ನೂಲನ್ನು ತೂಗುವಂತೆ ಆಸ್ಪತ್ರೆಯಲ್ಲಿ ರೋಗಿಗಳ ತಲೆಗಳನ್ನೆಣಿಸಿದರೆ ಸಾಕೆಂಬ ಭ್ರಾಂತಿಗೆ ಈ ಮಾತು ಎಡೆಗೊಡುತ್ತದೆ. ವೈದ್ಯಕರ್ಮಕ್ಕೆ ಆರೋಗ್ಯವೇ ಫಲವು, ಸಂಖ್ಯೆಯಲ್ಲ. ಸರಕಾರದ ನಿಯಮವು ಈ ಫಲವನ್ನು ಹೆಚ್ಚಿಸುವುದೋ ಕುಂದಿಸುವುದೋ ಎಂಬುದನ್ನು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮವನ್ನು ಹಿಡಿದು ಪರಾಮರ್ಶಿಸುವೆವು.

ವೈದ್ಯನ ಮೇಲೆ ರಾಜಶಾಸನವು ಹೊಸತಲ್ಲ. ಶಾಸ್ತ್ರವನ್ನೋದಿ, ಕರ್ಮವನ್ನು ಕಣ್ಣಾರೆ ಕಂಡು, ಕೈಯಾರೆ ಅಭ್ಯಾಸಮಾಡಿ, ರಾಜಾನುಜ್ಞೆ ಪಡೆದವನೇ ವೃತ್ತಿಗಿಳಿಯಬೇಕೆಂದು ಸುಶ್ರುತಸಂಹಿತೆಯ ಸೂತ್ರಸ್ಥಾನವು ವಿಧಿಸುತ್ತದೆ. ಕುವೈದ್ಯನು ಜನರನ್ನು ಕೊಂದರೆ ಅದು ರಾಜನ ದೋಷವೆನ್ನುತ್ತದೆ. ಪ್ರಾಣಾಪಾಯದ ರೋಗವನ್ನು ತಿಳಿಸದೆ ಚಿಕಿತ್ಸಿಸಿ ರೋಗಿಯು ಸತ್ತರೆ ಕೌಟಿಲ್ಯನು ಪ್ರಥಮದಂಡವನ್ನೂ, ಚಿಕಿತ್ಸೆಯ ತಪ್ಪಿನಿಂದಲೇ ಸತ್ತರೆ ಮಧ್ಯಮದಂಡವನ್ನೂ ಹೇಳಿದ್ದಾನೆ. ಇಬ್ಬರ ದೃಷ್ಟಿಯೂ ವೈದ್ಯನ ಕೈಯ ಮೇಲೆ, ರೋಗಿಯ ಗತಿಯ ಮೇಲೆ ನೆಟ್ಟಿದೆ.

ನಮ್ಮ ಅಧಿನಿಯಮವಾದರೋ ನೋಂದಣಿ, ಸ್ಥಳ, ಸಿಬ್ಬಂದಿ, ಉಪಕರಣ, ದಾಖಲೆ ಇವುಗಳಿಂದ ಮೊದಲಾಗುತ್ತದೆ. 2017ರ ತಿದ್ದುಪಡಿಯು ದರಪಟ್ಟಿಯ ಪ್ರಕಟನೆ, ತುರ್ತು ಸಮಯದಲ್ಲಿ ಮುಂಗಡಕ್ಕೆ ಕಾಯದ ಚಿಕಿತ್ಸೆ, ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರದ ಮುಂದೆ ದೂರು ಇವನ್ನು ಸೇರಿಸಿತು. ಆ ವರ್ಷದ ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದುದನ್ನು ವಾಚಕರು ಬಲ್ಲರು.

ಇಲ್ಲಿ ಪೂರ್ವಪಕ್ಷವೊಂದುಂಟು: ನಿಯಮಗಳು ವೈದ್ಯನ ಹೊತ್ತನ್ನು ನುಂಗುತ್ತವೆ. ಇದು ಅರ್ಧಸತ್ಯ. ನಗರದ ಮಹಾಸಂಸ್ಥೆಗೆ ಕಾಗದಪತ್ರಗಳಿಗೆಂದೇ ಕಚೇರಿಯಿರುತ್ತದೆ. ಒಬ್ಬಿಬ್ಬರು ವೈದ್ಯರ ಹಳ್ಳಿಯ ಚಿಕಿತ್ಸಾಲಯದಲ್ಲಿ ದಾಖಲೆ ಬರೆಯುವ ಗಳಿಗೆಯು ರೋಗಿಯಿಂದ ಕಿತ್ತ ಗಳಿಗೆಯೇ ಸರಿ. ಆದರೆ ಮುಂಗಡದ ಚೌಕಾಸಿಯಲ್ಲಿ ಕಳೆಯುತ್ತಿದ್ದ ಗಳಿಗೆಯನ್ನು ಪ್ರಾಣರಕ್ಷಣೆಗೆ ಮರಳಿಸುವ ವಿಧಿಯು ಫಲವರ್ಧಕವಲ್ಲವೆ?

ನಿಜವಾದ ದೋಷವಿರುವುದು 'ಖಾಸಗಿ' ಎಂಬ ವಿಶೇಷಣದಲ್ಲಿ. ಹುಲಕೋಟಿಯ ರೈತನೊಬ್ಬನು ತನ್ನೂರಿನ ಖಾಸಗಿ ವೈದ್ಯನಲ್ಲಿಗೆ ಹೋದರೆ ಈ ಅಧಿನಿಯಮವು ಅವನ ಬೆನ್ನಿಗಿದೆ; ಅದೇ ರೋಗಕ್ಕೆ ಗದಗಿನ ಸರಕಾರೀ ವೈದ್ಯಕೀಯ ಸಂಸ್ಥೆಗೆ ಹೋದರೆ ಇಲ್ಲ. ಅಲ್ಲಿಗೆ ಬೇರೆ ಮಾನದಂಡಗಳಿವೆ ಎನ್ನಬಹುದು. ಇರಲಿ, ಆದರೆ ಈ ಪ್ರಾಧಿಕಾರದ ಬಾಗಿಲು ಅವನಿಗೆ ಮುಚ್ಚಿದೆ. ರೋಗವು ಒಂದೇ, ರೋಗಿಯು ಒಬ್ಬನೇ, ನ್ಯಾಯವು ಮಾತ್ರ ಎರಡು. ಕುವೈದ್ಯನ ದೋಷವನ್ನು ರಾಜನ ತಲೆಗೇ ಕಟ್ಟಿದ ಶಾಸ್ತ್ರಕಾರನು ರಾಜನಿಗೆ ಇಂಥ ವಿನಾಯಿತಿಯನ್ನು ಕೊಟ್ಟಿರಲಿಲ್ಲ.

ಆದುದರಿಂದ ನಮ್ಮ ಸಿದ್ಧಾಂತವಿಷ್ಟು: ಸಣ್ಣ ಚಿಕಿತ್ಸಾಲಯದ ಕಾಗದದ ಹೊರೆ ಇಳಿಯಬೇಕು, ಗುಣಹೊಂದಿದವರ ಲೆಕ್ಕವು ಮುಂದೆ ಬರಬೇಕು, ಅಳೆಯುವ ಕೋಲು ಅಳೆಯುವವನಿಗೂ ತಗಲಬೇಕು.